ಎಳ್ಳಷ್ಟು ಸರಿದ ಮುಳ್ಳು

ಹನ್ನೊಂದು ಮಂದಿ ಸಹಿ ಮಾಡಿದರು. ಹನ್ನೆರಡನೆಯವಳು ಶಿವಬಸವ್ವ. ಆಕೆ ಪೆನ್ನನ್ನು ಬದಿಗಿಟ್ಟು, ಕನ್ನಡಕ ಏರಿಸಿಕೊಂಡು, ಇಂಗ್ಲಿಷಿನ ಆ ಕಾಗದವನ್ನು ಮೊದಲ ಸಾಲಿನಿಂದ ಓದತೊಡಗಿದಳು. ಓದುವುದೇನೂ ಅಪರಾಧವಲ್ಲ. ಆದರೆ ಹನ್ನೊಂದು ಮಂದಿ ಓದದೆ ಸಹಿ ಹಾಕಿದ ಮೇಲೆ ಹನ್ನೆರಡನೆಯವಳು ಓದಲು ಕೂತರೆ ಅದು ಉಳಿದವರಿಗೆ ಬೈದ ಹಾಗೆಯೇ. ಕೋಣೆಯಲ್ಲಿ ಒಬ್ಬೊಬ್ಬರಾಗಿ ಕೆಮ್ಮತೊಡಗಿದರು.

ಅದು ಸದಾಶಿವ ಪೇಠದ ಹಳೆಯ ವಾಡೆಯೊಂದರ ಮಹಡಿ. ಕೆಳಗೆ ಗಣಿತದ ಕೋಚಿಂಗ್ ಕ್ಲಾಸು, ಮೇಲೆ ಋಷಿಕೇಶನ ಆಫೀಸು. ಗೋಡೆಗೆ ನೀಲಿ ಬಳಿಸಿ, ಅದರ ಮೇಲೆ ಹಳದಿ ಮೀನು ಬರೆಸಿ, ಗಿರಾಕಿಗಳನ್ನು ಸಮುದ್ರದೊಳಗೆ ಇಳಿಸಿ ತೋರಿಸುವ ಧಂದೆ ತೆಗೆದು ಅವನಿಗೆ ಎರಡು ವರ್ಷವಾಗಿತ್ತು. ಪುಣೆಯ ಕನ್ನಡ ಬಳಗದವರು ಪ್ರತಿ ವರ್ಷ ಪಂಢರಪುರ, ಗಾಣಗಾಪುರ ಎಂದು ಸುತ್ತಿ ಬೇಸತ್ತು ಈ ಸಲ ಮಾಲವಣದ ಕಡಲಿಗೆ ಹೊರಟಿದ್ದರು. ಎರಡು ಸಾವಿರದ ಎಂಟರ ಗಣರಾಜ್ಯ ದಿನ ಶನಿವಾರ ಬಿದ್ದಿತ್ತು. ಎರಡು ದಿನದ ರಜೆ, ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಿಗೆ ಕೊಳವೆ, ಸುತ್ತ ಮೀನು. ಯಾರ ಜೊತೆ ಮುಳುಗಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಋಷಿಕೇಶ ಬಳಗದ ಅಧ್ಯಕ್ಷ ರಾಘಣ್ಣನ ಮಗ. ಧಾರವಾಡದ ಮಂದಿ. ನಮ್ಮ ಹುಡುಗ. ಇಷ್ಟಾದ ಮೇಲೆ ಇನ್ನೇನು ನೋಡುವುದು?

“ಸಾಮಾನ ಎಲ್ಲಿ ಅದ?” ಎಂದಳು ಶಿವಬಸವ್ವ.

“ಯಾವ ಸಾಮಾನ್ರಿ ಕಾಕು?” ಎಂದ ಋಷಿಕೇಶ.

“ಇದರಾಗ ಬರದದಲ್ಲಪಾ. ‘ನನಗ ಕೊಟ್ಟ ಸಾಮಾನ ನಾನಽ ನೋಡೀನಿ, ಪರೀಕ್ಷಾ ಮಾಡೀನಿ, ಚಲೋ ಅದ ಅಂತ ಒಪ್ಪೀನಿ’ ಅಂತ. ನಾ ಅಂತೂ ನೋಡಿಲ್ಲ. ತೋರ್ಸು, ನೋಡಿ ಸಹಿ ಮಾಡ್ತೀನಿ.”

“ಅಯ್ಯ, ಅದು ಬರೇ ಫಾರ್ಮಾಲಿಟಿರಿ.”

“ಇರ್ಲಿ. ಯಾರ ಬಾಯಾಗ ಇಟ್ಟದ್ದು ಯಾರ ಬಾಯಿಗೆ ಬರ್ತದ? ನಡುವ ಯಾರು ತೊಳೀತಾರ? ಎದರಾಗ ತೊಳೀತಾರ?”

ಋಷಿಕೇಶನ ಮುಖ ಅರಳಿತು. ಪೇಠದ ಅಜ್ಜಿಯರ ನಡುವೆ ಬೆಳೆದ ಹುಡುಗ, ಈ ರೋಗಕ್ಕೆ ಅವನ ಬಳಿ ಮದ್ದಿತ್ತು. “ಹಂಗ ಹೇಳ್ರಿ ಮತ್ತ! ಎಂಜಲದ ಕಾಳಜಿ ಏನು? ಬಿಡ್ರಿ ಕಾಕು. ಮಡಿ ಮಾಡೂವರ ಸಲುವಾಗಿ ಶುದ್ಧ ಸಸ್ಯಾಹಾರಿ ಸೆಟ್ ಬ್ಯಾರೇನಽ ಇಟ್ಟೀನಿ. ಮೀನಾ ತಿನ್ನೂ ಮಂದಿ ಬಾಯಿಗೆ ಅದನ್ನ ಕೊಡೂದಽ ಇಲ್ಲ. ನಿಮ್ಮ ಮನಸ್ಸಿಗೆ ಬೇಕಂದ್ರ ಒಂದು ಹನಿ ಗಂಗಾಜಲ ಹಾಕಿ ಒರಸಿ ಕೊಡ್ತೀನಿ.”

ಸಮುದ್ರದ ನಡುವೆ, ಮೀನಿನ ಸಂತೆಯೊಳಗೆ ಮುಳುಗಲು ಶುದ್ಧ ಸಸ್ಯಾಹಾರಿ ಸೆಟ್ಟು! ಹನ್ನೊಂದು ಮಂದಿಯೂ ನಕ್ಕರು. ಕೆಲವರಂತೂ ನಮಗೂ ಅದೇ ಇರಲಿ ಎಂದು ಹೆಸರು ಬರೆಸಲು ಮುಂದಾದರು.

“ನನಗ ಮಡಿ ಬ್ಯಾಡೋ ತಮ್ಮಾ,” ಎಂದಳು ಶಿವಬಸವ್ವ. “ಸೀನೀರು ಬೇಕು. ಸವಳ ನೀರಾಗ ಮುಳುಗಿಸಿ ತಗದ ಸಾಮಾನ ಸೀನೀರಾಗ ತೊಳದಿಯೋ ಇಲ್ಲೋ, ಅಷ್ಟು ಹೇಳು.”

ಜೊತೆಗೆಂದು ಬಂದಿದ್ದ ಗಂಡ ಈರಬಸಪ್ಪ ಮಗ್ಗುಲಲ್ಲೇ ಕೂತಿದ್ದ. ಲಾರಿ ಆಫೀಸಿನಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ಯಾರ ಮನಸ್ಸನ್ನೂ ನೋಯಿಸದೆ ಬದುಕಿ ಬಂದವನು. “ಏ, ಸಹಿ ಮಾಡಿ ಮುಗಸ್ ಅತ್ಲಾಗ,” ಎಂದು ಮೊಣಕೈ ತಿವಿದ. ಆಕೆ ಎದ್ದು ನಿಂತಳು. ನೋಡಿದ ಮೇಲೆ ಮಾಡುತ್ತೇನೆ ಎಂದು ಮೆಟ್ಟಿಲಿಳಿದಳು. ಕಾಗದ ಮೇಜಿನ ಮೇಲೆ ಬರಿದಾಗಿಯೇ ಉಳಿಯಿತು ಎಂದು ಆಕೆ ತಿಳಿದಿದ್ದಳು.

ಐವತ್ಮೂರರ ಹೆಂಗಸಿಗೆ ಇಷ್ಟೊಂದು ಹಟ ಏಕೆ ಎಂದು ಕೇಳುವವರಿಗೆ ಆಕೆಯ ಇಪ್ಪತ್ತೆರಡು ವರ್ಷದ ಕಥೆ ಹೇಳಬೇಕು. ಅಷ್ಟೂ ವರ್ಷ ಶಿವಬಸವ್ವ ಲೋಣಾವಳಾ ಲೋಕಲ್ ಹಿಡಿದು ತಳೇಗಾಂವಕ್ಕೆ ಹೋಗಿ ಬಂದವಳು. ಅಲ್ಲಿನ ಕಾರ್ಖಾನೆಯಲ್ಲಿ ಒತ್ತಡ ಅಳೆಯುವ ಗೇಜುಗಳು ತಯಾರಾಗುತ್ತಿದ್ದವು. ಬಾಯ್ಲರಿಗೆ, ಪಂಪಿಗೆ, ಆಸ್ಪತ್ರೆಯ ಸಿಲಿಂಡರಿಗೆ ಕೂಡಿಸುವ ದುಂಡು ಗಡಿಯಾರದಂಥ ಗೇಜು. ಪ್ರತಿಯೊಂದನ್ನೂ ಯಂತ್ರಕ್ಕೆ ಸಿಗಿಸಿ, ಒತ್ತಡ ಏರಿಸಿ, ಇಳಿಸಿ, ಕಡೆಗೆ ಪೂರಾ ಬಿಟ್ಟು, ಮುಳ್ಳು ಸೊನ್ನೆಗೆ ಬಂತೋ ಇಲ್ಲವೋ ನೋಡುವುದು ಆಕೆಯ ಕೆಲಸ. ಮುಳ್ಳಿನಲ್ಲೂ ಮೈಗಳ್ಳ ಮುಳ್ಳು ಇರುತ್ತದೆ. ಅದಕ್ಕೆ ಮನೆಗೆ ಬರಲು ಸ್ವಲ್ಪ ಹೊತ್ತು ಬೇಕು. ಆಕೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಆಮೇಲೆ ನೋಡುತ್ತಿದ್ದಳು. ಬಂದಿದ್ದರೆ ಪಾಸು, ಬರದಿದ್ದರೆ ಕೆಂಪು ಡಬ್ಬಿಗೆ.

ಆದರೆ ಗೇಜಿನ ಜೊತೆ ಹೋಗುವ ಚೀಟಿಯಲ್ಲಿ ‘ಪರೀಕ್ಷಿಸಿದವರು’ ಎಂಬಲ್ಲಿ ಆಕೆಯ ಹೆಸರಿರಲಿಲ್ಲ, ನಲವತ್ತೇಳು ಎಂಬ ಬಿಲ್ಲೆಯ ನಂಬರಿತ್ತು. ‘ಒಪ್ಪಿದವರು’ ಎಂಬಲ್ಲಿ ಸೂಪರ್‌ವೈಸರನ ಸಹಿ. ಇಪ್ಪತ್ತೆರಡು ವರ್ಷದಲ್ಲಿ ಆರು ಸೂಪರ್‌ವೈಸರರು ಬಂದುಹೋದರು. ಅವರಲ್ಲಿ ಒಬ್ಬ ಸೋಮವಾರವೇ ವಾರದ ಚೀಟಿಗಳಿಗೆಲ್ಲ ಸಹಿ ಹಾಕಿಟ್ಟು ಬಿಡುತ್ತಿದ್ದ. ಹುಟ್ಟದ ಗೇಜಿಗೂ ಅವನ ಒಪ್ಪಿಗೆ ಇತ್ತು! ನೋಡಿದವಳಿಗೆ ಸಹಿಯಿಲ್ಲ, ಸಹಿ ಮಾಡುವವನು ನೋಡುವುದಿಲ್ಲ. ಇದು ಆಕೆಯ ಎದೆಯಲ್ಲಿ ಮುರಿದ ಮುಳ್ಳಾಗಿ ಕೂತಿತ್ತು.

ಒಂದು ಸಲ ದಪ್ಪ ಗಾಜಿನ ಪುಟ್ಟ ಗೇಜುಗಳು ಬಂದವು. ಇವು ಎಲ್ಲಿಗೆ ಎಂದು ಕೇಳಿದಾಗ, ಸಮುದ್ರದ ತಳಕ್ಕೆ, ಮುಳುಗುವವರ ಸಿಲಿಂಡರಿಗೆ ಎಂದರು. ಬೈಲಹೊಂಗಲದ ಕಡೆ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಹುಡುಗಿ ಆಕೆ. ಮುನ್ನೂರು ಗೇಜುಗಳನ್ನು ಒಂದೊಂದಾಗಿ ಪರೀಕ್ಷಿಸಿ ಕಳಿಸುತ್ತ, ನನ್ನ ಕೈ ದಾಟಿದ ಮುಳ್ಳು ಹೋಗುವ ಜಾಗಕ್ಕೆ ನಾನೂ ಒಂದು ದಿನ ಹೋಗಬೇಕು ಅಂದುಕೊಂಡಳು. ಯಾರಿಗೂ ಹೇಳಲಿಲ್ಲ. ಬಳಗದವರು ಮಾಲವಣ ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಆಕೆಯೇ. ಡಾಕ್ಟರರು ಎದೆ, ಕಿವಿ, ರಕ್ತ ಎಲ್ಲ ನೋಡಿ ಅಡ್ಡಿಯಿಲ್ಲ ಎಂದಿದ್ದರು.

ಡಿಸೆಂಬರಿನ ಒಂದು ರವಿವಾರ ಬೆಳಿಗ್ಗೆ, ಬಾಡಿಗೆಗೆ ಹಿಡಿದ ಈಜುಕೊಳದಲ್ಲಿ ತಾಲೀಮು ಇತ್ತು. ಥಂಡಿಗೆ ಎಲ್ಲರೂ ಟವೆಲು ಹೊದ್ದು ನಡುಗುತ್ತ ನಿಂತಿದ್ದರು. ಋಷಿಕೇಶ ವ್ಯಾನಿನ ಬಾಗಿಲು ತೆರೆದು ಗೋಣಿಚೀಲಗಳನ್ನು ಕೆಳಗೆ ಬಿಸುಟ. ಒಳಗಿಂದ ಕಬ್ಬಿಣದ ಸದ್ದು ಬಂತು. ಶಿವಬಸವ್ವನ ಹಲ್ಲು ಜುಮ್ಮೆಂದಿತು. ಗೇಜು ಇರುವ ಚೀಲವನ್ನು ಹೀಗೆ ಒಗೆಯುತ್ತಾರೆಯೇ? ಒಗೆದವರ ಕೈ ಸೇದಿಹೋಗಲಿ!

ಆಕೆ ತನ್ನ ಪಾಲಿನ ಸೆಟ್ಟನ್ನು ತೆಗೆದು ಕಟ್ಟೆಯ ಮೇಲೆ ಹರವಿದಳು. ರಬ್ಬರಿನ ಮಡಿಕೆಗಳಲ್ಲಿ ಬಿಳಿ ಪುಡಿ ಕೂತಿತ್ತು. ಬೆರಳಿಗೆ ಹಚ್ಚಿ ನಾಲಿಗೆಗಿಟ್ಟಳು. ಉಪ್ಪು. ಹೋದ ವಾರದ ಸಮುದ್ರ ಇನ್ನೂ ಅಲ್ಲೇ ಇತ್ತು. ಕೊಳವೆ ಲೋಹಕ್ಕೆ ಕೂಡುವ ಕಡೆ ಬಗ್ಗಿಸಿ ನೋಡಿದಳು, ರಬ್ಬರು ಹಿಮ್ಮಡಿಯಂತೆ ಒಡೆದಿತ್ತು. ಬಾಯಿಗಿಡುವ ತುಂಡನ್ನು ಕಚ್ಚಿ, ಆಚೆ ತುದಿಯ ಮುಚ್ಚಳ ಬಿಗಿಯಾಗಿದೆಯೇ ನೋಡಿಕೊಂಡು ಉಸಿರೆಳೆದಳು. ಬರಬಾರದ ಗಾಳಿ ಬಂತು. ಎಲ್ಲೋ ಸೋರುತ್ತಿದೆ. ಕಡೆಗೆ ಗೇಜನ್ನು ಅಂಗೈಯಲ್ಲಿ ಹಿಡಿದಳು. ಇನ್ನೂ ಸಿಲಿಂಡರಿಗೆ ಕೂಡಿಸದ ಗೇಜು ಅದು, ಮುಳ್ಳು ಸೊನ್ನೆಯ ಮೇಲೆ ಮಲಗಿರಬೇಕು. ಹತ್ತರವರೆಗೆ ಎಣಿಸಿದಳು. ಮುಳ್ಳು ಇಪ್ಪತ್ತರ ಮೇಲೆ ನಿಂತಿತ್ತು.

ಆಕೆ ಅಷ್ಟಕ್ಕೇ ಬಿಡಲಿಲ್ಲ. ಸರದಿಯ ಮೇಲೆ ತೊಡಲು ತಂದಿದ್ದ ಉಳಿದ ಐದು ಸೆಟ್ಟನ್ನೂ ತೆಗೆದು ನೋಡಿದಳು. ಆರರಲ್ಲಿ ನಾಲ್ಕರ ಮುಳ್ಳು ಸೊನ್ನೆಗೆ ಬಂದಿರಲಿಲ್ಲ.

“ಋಷಿಕೇಶಾ, ಇವು ನಡಿಯೂದಿಲ್ಲ.”

ಅವನು ಗಾಜಿನ ಮೇಲೆ ಬೆರಳಿಂದ ಟಕಟಕ ಬಡಿದ. ಮುಳ್ಳು ಅಲುಗಿ ಮತ್ತೆ ಅಲ್ಲೇ ನಿಂತಿತು. “ಎಳ್ಳಷ್ಟು ಸರದದರಿ ಕಾಕು. ಎಲ್ಲಾ ಗೇಜು ಹಿಂಗಽ ಇರ್ತಾವ. ಎರಡು ವರ್ಷಾತು, ಒಬ್ಬರಿಗೂ ಏನೂ ಆಗಿಲ್ಲ.”

“ಆಗಿಲ್ಲ ಅಂದ್ರ ಸರಿ ಇತ್ತು ಅಂತ ಅಲ್ಲಪಾ.”

ರಾಘಣ್ಣ ಮುಂದೆ ಬಂದ. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತನಾದವನು. ಮಾತು ಮೆತ್ತಗೆ, ಹಟ ಗಟ್ಟಿ. “ಶಿವಬಸವ್ವನವ್ರ, ಹುಡುಗಾ ನಮ್ಮಾಂವ. ನಮ್ಮ ಭಾಷಾ, ನಮ್ಮ ಮಂದಿ. ಹೊರಗಿನವರ ಕಡೆ ಹೋಗಿ ಮೋಸ ಹೋಗೂದು ಬ್ಯಾಡ ಅಂತಽ ಅಲ್ಲೇನು ಇಂವನ್ನ ಹಿಡದದ್ದು? ನಮ್ಮವರ ಮ್ಯಾಲಽ ನಂಬಿಕಿ ಇಲ್ಲಂದ್ರ ಹ್ಯಾಂಗ?”

“ಮುಳ್ಳಿಗೆ ಭಾಷಾ ಇಲ್ರಿ ರಾಘಣ್ಣಾರ. ಅದಕ್ಕ ಸೊನ್ನಿ ಒಂದಽ ಗೊತ್ತು.”

“ಎಲ್ಲಾರೂ ಇಳ್ಯಾಕ ತಯಾರದಾರ. ನಿಮ್ಮೊಬ್ರದಽ ತಕರಾರು.”

“ಎಲ್ಲಾರೂ ಇಳೀಲಿ. ನಾ ಇಳಿಯೂದಿಲ್ಲ.”

ಥಂಡಿಯಲ್ಲಿ ನಿಂತವರಿಗೆ ಸಿಟ್ಟು ಬಂತು. ಕಾಶಪ್ಪನೆಂಬ ಔಷಧ ವ್ಯಾಪಾರಿ, ಮಡಿಯವರನ್ನು ಕಡಲಿಗೆ ಕರಕೊಂಡು ಹೋದರೆ ಹಿಂಗೇ ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿದ. ಉಪ್ಪು ನೆಕ್ಕಿ ನೋಡಿದವಳಿಗೆ ಮಡಿಯ ಬಿರುದು! ಶಿವಬಸವ್ವ ತಿರುಗಿ ಜಗಳ ಕಾಯಲಿಲ್ಲ. ಸೆಟ್ಟನ್ನು ಚೀಲಕ್ಕೆ ಮೆಲ್ಲಗೆ ಇಳಿಸಿ, ಚಪ್ಪಲಿ ಮೆಟ್ಟಿ, ರಿಕ್ಷಾ ಕೂಗಿದಳು. ಈರಬಸಪ್ಪನೂ ಹಿಂದೆಯೇ ಹತ್ತಿದ.

ಮನೆ ಮುಟ್ಟಿದ ಮೇಲೆ ಅವನಿಗೆ ಬಾಯಿ ಬಂತು. “ಬಳಗದಾಗ ಮಾರಿ ತೋರಸೂಹಂಗ ಇಡಲಿಲ್ಲ ನೀ.”

“ನಿಮ್ಮ ಮಾರಿ ನಿಮಗಽ ಇರ್ಲಿ. ಸಿಟ್ಟು ಬಂದವರಿಗೆ ನನ್ನ ಹೆಸರು ಹೇಳ್ರಿ.”

“ಹೋಗಬ್ಯಾಡ ಬಿಡು ಹಂಗಾರ. ಈ ವಯಸ್ಸಿನಾಗ ಯಾರಿಗೆ ಬೇಕಾಗೇದ?”

“ನನಗ ಬೇಕಾಗೇದ,” ಎಂದಳು ಶಿವಬಸವ್ವ. “ಹೋಗ್ತೀನಿ. ಸರಿ ಇದ್ದವರ ಕೂಡ ಹೋಗ್ತೀನಿ.”

ಈರಬಸಪ್ಪನ ತಮ್ಮನ ಮಗಳು ಶೈಲಶ್ರೀ ಕಾಲೇಜಿಗೆಂದು ಅವರ ಮನೆಯಲ್ಲೇ ಇದ್ದಳು. ಆಕೆ ಸೈಬರ್ ಕೆಫೆಯಲ್ಲಿ ಕೂತು, ಪುಣೆಯಿಂದ ಮಾಲವಣಕ್ಕೆ ಮುಳುಗಿಸಲು ಕರೆದೊಯ್ಯುವ ಐದು ಮಂದಿಯ ನಂಬರು ಬರೆದು ತಂದಳು. ಶಿವಬಸವ್ವ ಎಲ್ಲರಿಗೂ ಒಂದೇ ಮಾತು ಕೇಳಿದಳು: ನಿಮ್ಮ ಸಾಮಾನು ತೊಳೆಯುವ ಜಾಗ ನೋಡಬೇಕು. ಮೊದಲನೆಯವನು ಏಸಿ ಬಸ್ಸು, ಬೆಳಗಿನ ನಾಷ್ಟಾ, ಫೋಟೋದ ಸಿಡಿ ಎಂದು ಒದರಿದ. ಎರಡನೆಯವನು ಎಲ್ಲ ಪರದೇಶದ ಮಾಲು ಎಂದ. ಪರದೇಶದ ಮಾಲಿಗೆ ಉಪ್ಪು ಹತ್ತುವುದಿಲ್ಲವೇನೋ! ಮೂರನೆಯವನು ವಯಸ್ಸು ಕೇಳಿ ಫೋನಿಟ್ಟ. ನಾಲ್ಕನೆಯವಳು ನಯವಾಗಿ ಮಾತಾಡಿದಳು, ಆದರೆ ತೊಳೆಯುವ ಜಾಗ ಎಲ್ಲಿದೆಯೆಂದು ಆಕೆಗೇ ಗೊತ್ತಿರಲಿಲ್ಲ. ಐದನೆಯವನು ಮಾತ್ರ, “ಬನ್ನಿ. ಉಗುರು ಕತ್ತರಿಸಿಕೊಂಡು ಬನ್ನಿ,” ಎಂದು ಮರಾಠಿಯಲ್ಲಿ ಹೇಳಿ ತಾನೇ ಫೋನಿಟ್ಟ.

ಅವನ ಹೆಸರು ಮಧುಕರ. ನೌಕಾಪಡೆಯಲ್ಲಿ ಮುಳುಗುವವನಾಗಿದ್ದು ನಿವೃತ್ತನಾದವನು. ಅವನ ಜಾಗ ಇದ್ದದ್ದು ತಳೇಗಾಂವದಲ್ಲಿ. ಕಾರ್ಖಾನೆಯ ಕೆಲಸ ಬಿಟ್ಟ ಮೂರು ವರ್ಷದ ಮೇಲೆ ಶಿವಬಸವ್ವ ಮತ್ತೆ ಆ ಲೋಕಲ್ ಹತ್ತಿ, ತನ್ನ ಹಳೆಯ ಕಿಟಕಿಯ ಜಾಗದಲ್ಲೇ ಕೂತು, ಶೈಲಶ್ರೀಯನ್ನು ಕರೆದುಕೊಂಡು ಹೋದಳು.

ತಗಡಿನ ಚಪ್ಪರ, ಒಳಗೆ ನೀರು ತುಂಬಿದ ಮೂರು ಪೀಪಾಯಿ. ಅವುಗಳ ಮೇಲೆ ಒಂದು, ಎರಡು, ಮೂರು ಎಂದು ಬರೆದಿತ್ತು. ಕಡಲಿಂದ ಬಂದ ಸಾಮಾನು ಮೊದಲನೆಯದರಲ್ಲಿ ನೆನೆಯಬೇಕು, ಎರಡನೆಯದರಲ್ಲಿ ತೊಳೆಯಬೇಕು, ಮೂರನೆಯದರಲ್ಲಿ ಅದ್ದಿ ನೆರಳಿಗೆ ತೂಗಬೇಕು. ಮಧುಕರ ನಮಸ್ಕಾರವನ್ನೂ ಹೇಳಲಿಲ್ಲ. “ಕೈ ತೊಳೆದು ಮುಟ್ಟಿ,” ಎಂದು ಮೂಲೆಯ ನಳ ತೋರಿಸಿದ. ದೊಡ್ಡವ್ವನಿಗಿಂತ ಹೆಚ್ಚಿನ ಮಡಿಯವನು ಸಿಕ್ಕ ಎಂದು ಶೈಲಶ್ರೀ ಬಾಯಿಗೆ ಕೈ ಇಟ್ಟು ನಕ್ಕಳು.

ಶಿವಬಸವ್ವ ಕೈ ತೊಳೆದು ಒಂದು ಗೇಜನ್ನು ಹಿಡಿದು ಹತ್ತರವರೆಗೆ ಎಣಿಸಿದಳು. ಸೊನ್ನೆ. ಹಿಂದೆ ತಿರುವಿ ನೋಡಿದಳು, ತನ್ನ ಕಾರ್ಖಾನೆಯದಿರಬಹುದೇ ಎಂದು. ಇರಲಿಲ್ಲ, ತೈವಾನಿನದು. ಕೊಂಚ ಬೇಸರವಾಯಿತು. ಇನ್ನೊಂದು ತೆಗೆದಳು. ಸೊನ್ನೆ. ಬಾಯಿತುಂಡು ಕಚ್ಚಿ ಎಳೆದಳು, ಗಾಳಿ ಬರಲಿಲ್ಲ. ಮಧುಕರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದನೇ ಹೊರತು ತನ್ನ ಸಾಮಾನಿನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ.

ಮೂಲೆಯ ಗೂಟಕ್ಕೆ ಒಂದು ಸೆಟ್ಟು ತೂಗುಬಿದ್ದಿತ್ತು. ಅದಕ್ಕೆ ಕೆಂಪು ಬಟ್ಟೆ ಕಟ್ಟಿತ್ತು.

“ಅದೇನು?” ಎಂದು ಆಕೆ ಮರಾಠಿಯಲ್ಲೇ ಕೇಳಿದಳು.

“ಅದು ಕೆಟ್ಟಿದೆ. ಉಸಿರಾಟ ಭಾರ ಬರುತ್ತೆ. ರಿಪೇರಿಯಾಗೋವರೆಗೆ ಯಾರಿಗೂ ಕೊಡೋದಿಲ್ಲ.”

ಅಲ್ಲಿಗೆ ಶಿವಬಸವ್ವನ ಮನಸ್ಸು ನಿಂತಿತು. ಒಳ್ಳೆಯದನ್ನು ತೋರಿಸುವವರು ಊರ ತುಂಬ ಸಿಗುತ್ತಾರೆ. ಕೆಟ್ಟದ್ದನ್ನು ಕೆಟ್ಟದ್ದೆಂದು ಗೂಟಕ್ಕೆ ತೂಗುಹಾಕಿ ತೋರಿಸುವವನು ಇವನೊಬ್ಬನೇ ಸಿಕ್ಕಿದ್ದ. ಪ್ರತಿ ಸೆಟ್ಟಿಗೂ ದಾರದಿಂದ ಒಂದು ಚೀಟಿ ಕಟ್ಟಿತ್ತು. ಯಾವಾಗ ಬಿಚ್ಚಿ ನೋಡಿದ್ದು, ತೊಳೆದವರು ಯಾರು, ಮುಳುಗುವ ಮುನ್ನ ನೋಡಿದವರು ಯಾರು. ತೊಟ್ಟವರೇ ನೋಡಬೇಕು, ತೊಟ್ಟವರೇ ತೊಳೆಯಬೇಕು, ನೋಡಿದವರೇ ಸಹಿ ಮಾಡಬೇಕು.

“ನಾಲ್ಕು ರವಿವಾರ ಈಜುಕೊಳದಲ್ಲಿ,” ಎಂದ ಮಧುಕರ. “ನನಗೆ ಸರಿ ಕಂಡರೆ ಫೆಬ್ರುವರಿಯಲ್ಲಿ ಸಮುದ್ರ. ಸರಿ ಕಾಣದಿದ್ದರೆ ಇಲ್ಲ. ಆಮೇಲೆ ಜಗಳಕ್ಕೆ ಬರಬಾರದು.”

“ನಿಮ್ಮದು ಸರಿ ಕಾಣದಿದ್ದರೆ ನಾನೂ ಬರುವುದಿಲ್ಲ,” ಎಂದಳು ಶಿವಬಸವ್ವ. ಇಬ್ಬರಿಗೂ ಒಪ್ಪಿಗೆಯಾಯಿತು.

ಸಂಕ್ರಾಂತಿಯ ದಿನ ರಾಘಣ್ಣ, ಅವನ ಹೆಂಡತಿ ಅಂಬಾಬಾಯಿ, ಋಷಿಕೇಶ ಮೂವರೂ ಕುಸುರೆಳ್ಳಿನ ಡಬ್ಬಿ ಹಿಡಿದು ಮನೆಗೆ ಬಂದರು. ಹಬ್ಬದ ದಿನ ಬಂದವರಿಗೆ ಬಾಗಿಲು ಹಾಕುವುದುಂಟೆ? ಶಿವಬಸವ್ವ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬದನೆಕಾಯಿ ಪಲ್ಯ, ಬೆಣ್ಣೆ ತಂದಿಟ್ಟಳು.

“ಎಳ್ಳು ಬೆಲ್ಲ ತಗೊಂಡು ಒಳ್ಳೆ ಮಾತಾಡೂಣು,” ಎಂದು ರಾಘಣ್ಣ ಕುಸುರೆಳ್ಳು ಕೊಟ್ಟ. “ಆದದ್ದು ಆತು. ಹನ್ನೆರಡು ಮಂದಿ ಅಂತ ಹೇಳಿ ಬೋಟ್ ಹಿಡದೀವಿ. ನಿಮ್ಮ ಜಾಗಾ ಹಂಗಽ ಅದ. ಬರ್ರಿ, ಕೂಡೇ ಹೋಗೂಣು.”

ಋಷಿಕೇಶ ಚೀಲದಿಂದ ಒಂದು ಸೆಟ್ಟನ್ನು ತೆಗೆದು ಅವಳೆದುರು ಇಟ್ಟ. ಉಪ್ಪಿನ ಗುರುತಿಲ್ಲ, ಫಳಫಳ ಹೊಳೆಯುತ್ತಿತ್ತು. “ಸೀನೀರಾಗ ತೊಳದು ತಂದೀನ್ರಿ ಕಾಕು. ನಿಮ್ಮ ಸಲುವಾಗಿ.”

ಆಕೆಗೆ ಹುಡುಗನ ಮೇಲೆ ಒಂದು ಗಳಿಗೆ ಅಕ್ಕರೆಯೇ ಬಂತು. ತೊಳೆದಿದ್ದ, ಅದು ನಿಜ. ಗೇಜನ್ನು ಕೈಗೆತ್ತಿಕೊಂಡು ಎಣಿಸಿದಳು. ಮುಳ್ಳು ಇಪ್ಪತ್ತರ ಮೇಲೇ ಇತ್ತು.

“ಇದು ಹಂಗಽ ಅದಲ್ಲೋ.”

“ಕಾಕು, ಅದು ಎಳ್ಳಷ್ಟು…”

ಶಿವಬಸವ್ವ ರೊಟ್ಟಿಯ ಮೇಲಿನ ಒಂದು ಎಳ್ಳನ್ನು ಉಗುರಿನಿಂದ ಬಿಡಿಸಿ, ಗಾಜಿನ ಮೇಲೆ, ಸೊನ್ನೆಗೂ ಮುಳ್ಳಿಗೂ ನಡುವೆ ಇಟ್ಟಳು. ಎಳ್ಳು ಆ ಸಂದಿಯಲ್ಲಿ ಸರಿಯಾಗಿ ಕೂತಿತು.

“ಖರೇನಽ ಎಳ್ಳಷ್ಟು. ನೀ ಸುಳ್ಳು ಹೇಳಲಿಲ್ಲ. ಈಗ ಈ ಎಳ್ಳಿನಾಗ ಎಷ್ಟು ಉಸಿರು ಅದ ಹೇಳು. ಮೂವತ್ತು ಅಡಿ ಕೆಳಗ ಇದು ಐದು ಮಿನಿಟಿನ ಗಾಳಿ. ಸಿಲಿಂಡರ್ ಪೂರಾ ಬರಿದಾದ್ರೂ ಈ ಮುಳ್ಳು ಇನ್ನೂ ಐದು ಮಿನಿಟ್ ಅದ, ಆರಾಮ ಮೀನಾ ನೋಡ್ರಿ ಅಂತ ಹೇಳತದ. ರಾಘಣ್ಣಾರ, ಐದು ಬ್ಯಾಡ, ಒಂದು ಮಿನಿಟ್ ಮೂಗು ಬಾಯಿ ಮುಚ್ಚಿಕೊಳ್ರಿ. ನಾ ಎಣಸ್ತೀನಿ.”

ರಾಘಣ್ಣನ ಮುಖ ಬಿಗಿಯಿತು. ಇಷ್ಟು ಹೊತ್ತು ಸುಮ್ಮನೆ ರೊಟ್ಟಿ ಮುರಿಯುತ್ತಿದ್ದ ಅಂಬಾಬಾಯಿ ತಲೆ ಎತ್ತಿದಳು. ಹನ್ನೆರಡು ಮಂದಿಯಲ್ಲಿ ಆಕೆಯೂ ಒಬ್ಬಳು. “ಋಷ್ಯಾ, ನನಗ ಯಾವ ಸೆಟ್ ಕೊಡಾಂವ ಇದ್ದೀಪಾ?”

ಋಷಿಕೇಶ ಗಾಜಿನ ಮೇಲಿನ ಎಳ್ಳನ್ನೇ ನೋಡುತ್ತ ಕೂತ.

ಮಗ ಹಾಗೆ ಕೂತದ್ದು ಅಪ್ಪನಿಗೆ ಅವಮಾನವಾಗಿ ಕಂಡಿತು. “ಹಬ್ಬದ ದಿನ ಕಹಿ ಮಾತು ಬ್ಯಾಡ ಅಂತ ಬಂದ್ವಿ. ನೀವು ಇದನ್ನೂ ಪರೀಕ್ಷಾ ಮಾಡಿದ್ರಿ. ಅಲ್ರಿ, ಈಗ ಯಾಕಿಷ್ಟು? ನಿಮ್ಮ ಸಹಿ ಆಗಿ ತಿಂಗಳಾತು!” ಎಂದವನೇ ಕಿಸೆಯಿಂದ ಕಾಗದ ತೆಗೆದು ಹರವಿದ.

ಅದೇ ಕಾಗದ. ‘ನಾನೇ ನೋಡಿ, ಪರೀಕ್ಷಿಸಿ, ಒಪ್ಪಿದ್ದೇನೆ.’ ಕೆಳಗೆ ನೀಲಿ ಮಸಿಯಲ್ಲಿ ದುಂಡಗೆ: ಶಿವಬಸವ್ವ, ಪರವಾಗಿ ಈರಬಸಪ್ಪ.

ಆಕೆ ಗಂಡನ ಕಡೆ ತಿರುಗಿದಳು. ಆ ದಿನ ತಾನು ಮೆಟ್ಟಿಲಿಳಿದ ಮೇಲೆ ಅವನು ಐದು ನಿಮಿಷ ತಡವಾಗಿ ಬಂದದ್ದು ಈಗ ನೆನಪಾಯಿತು. ಚಪ್ಪಲಿ ಸಿಗಲಿಲ್ಲ ಎಂದಿದ್ದ.

“ಮಂದಿ ಎದುರಿಗೆ ಚಂದ ಕಾಣಲ್ಲ ಅಂತ…” ಎಂದ ಈರಬಸಪ್ಪ. “ಮನ್ಯಾಗಿನ ಹೆಣ್ಮಕ್ಕಳ ಪರವಾಗಿ ಗಂಡಸರು ಮಾಡಿದ್ರ ನಡೀತದ ಅಂದ್ರು.”

ಶಿವಬಸವ್ವನಿಗೆ ಅಳು ಬರುವಷ್ಟು ಸಿಟ್ಟು ಬಂತು. ಕಾರ್ಖಾನೆಯ ಆರು ಸೂಪರ್‌ವೈಸರರು ಹೊರಗಿನವರು. ಏಳನೆಯವನು ಮನೆಯಲ್ಲೇ, ತಾನು ಬಡಿಸಿದ ತಾಟಿನ ಮುಂದೆ ಕೂತಿದ್ದ.

“ಇಪ್ಪತ್ತೆರಡು ವರ್ಷ ನಾ ನೋಡಿದೆ, ಮಂದಿ ಸಹಿ ಮಾಡಿದ್ರು. ನೌಕರಿ ಅಂತ ಸುಮ್ನಿದ್ದೆ. ಈಗ ನಾ ನೋಡಿ ಬ್ಯಾಡ ಅಂದದ್ದಕ್ಕೂ ನೀವು ಸಹಿ ಮಾಡೀರಿ. ನೀರಾಗ ಉಸಿರು ನಿಂತ್ರ ಅದನ್ನೂ ನನ್ನ ಪರವಾಗಿ ನೀವಽ ಎಳೀತಿದ್ರೇನು?”

ಈರಬಸಪ್ಪ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಾಟಿಗೆ ಇಟ್ಟ.

“ತಾ ಪೆನ್ನು,” ಎಂದಳು ಶೈಲಶ್ರೀಗೆ. ಗಂಡನ ಸಹಿಯ ಮೇಲೆ ಎರಡು ಗೆರೆ ಎಳೆದಳು. ಅದರ ಕೆಳಗೆ, ಇಂಗ್ಲಿಷ್ ಫಾರ್ಮಿನ ಮೇಲೆ, ದೊಡ್ಡ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದಳು: ‘ನೋಡಿದ್ದೇನೆ. ಒಪ್ಪಿಲ್ಲ.’ ಕೆಳಗೆ ಪೂರ್ತಿ ಹೆಸರು ಹಾಕಿದಳು. ನಲವತ್ತೇಳು ಅಲ್ಲ, ಶಿವಬಸವ್ವ ಎಂದು.

“ಎಳ್ಳು ತಗೊಂಡೀನಿ ರಾಘಣ್ಣಾರ. ಒಳ್ಳೆ ಮಾತೂ ಆಡ್ತೀನಿ. ಸುಳ್ಳು ಮಾತ್ರ ತಗೊಳ್ಳೂದಿಲ್ಲ. ರೊಟ್ಟಿ ತಿಂದು ಹೋಗ್ರಿ, ಆರ್ತದ.”

ರಾಘಣ್ಣ ತಿನ್ನದೆ ಎದ್ದ. ಅಂಬಾಬಾಯಿ ತಿಂದೇ ಎದ್ದಳು.

ಬಳಗದವರು ಇಪ್ಪತ್ತಾರಕ್ಕೆ ಹೋಗಿ ಬಂದರು. ಯಾರಿಗೂ ಏನೂ ಆಗಲಿಲ್ಲ. ಅದನ್ನೇ ಅವರು ಊರಿಗೆಲ್ಲ ಸಾರಿದರು. ಮೀನಿನ ಜೊತೆ ತೆಗೆಸಿಕೊಂಡ ಫೋಟೋಗಳನ್ನು ಕಾಶಪ್ಪ ಈರಬಸಪ್ಪನ ಆಫೀಸಿಗೇ ತಂದು ತೋರಿಸಿ, ನಿಮ್ಮ ಮನೆಯವರಿಗೆ ಕೊಡಿ ಎಂದ. ಶಿವಬಸವ್ವ ಫೋಟೋಗಳನ್ನು ಒಂದೊಂದಾಗಿ ನೋಡಿ, ಮೀನು ಚೆನ್ನಾಗಿದೆ ಎಂದು ಹಿಂದಿರುಗಿಸಿದಳು. ಒಂದು ಫೋಟೋದಲ್ಲಿ ಅಂಬಾಬಾಯಿ ಬೋಟಿನ ಮೇಲೆ ಒಣ ಸೀರೆಯಲ್ಲೇ ಕೂತಿದ್ದಳು.

ನಾಲ್ಕು ರವಿವಾರ ಕಳೆದವು. ಮಧುಕರನಿಗೆ ಸರಿ ಕಂಡಿತು. ಫೆಬ್ರುವರಿಯಲ್ಲಿ ಹೊರಡುವ ಹಿಂದಿನ ದಿನ ಈರಬಸಪ್ಪ ತಾನೂ ತನ್ನ ಚೀಲ ಕಟ್ಟಿದ. ಈಜು ಬಾರದವನು ಬಂದು ಏನು ಮಾಡುತ್ತೀರಿ ಎಂದರೆ, “ದಂಡಿ ಮ್ಯಾಲೆ ನಿಂದರ್ತೀನಿ,” ಎಂದ. ಬೇಡ ಎನ್ನಲು ಆಕೆಗೆ ಮನಸ್ಸು ಬರಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ.

ಮಾಲವಣದ ಬೋಟಿನ ಮೇಲೆ ಶಿವಬಸವ್ವ ತನ್ನ ಸೆಟ್ಟನ್ನು ನೋಡಿ, ಚೀಟಿಯಲ್ಲಿ ಕನ್ನಡದಲ್ಲೇ ಸಹಿ ಮಾಡಿ, ನೀರಿಗಿಳಿದಳು. ಮೊದಲ ಕೆಲವು ಉಸಿರು ತನ್ನದೇ ಸದ್ದಿಗೆ ತಾನೇ ಹೆದರಿದಳು. ಆಮೇಲೆ ನೀರಿನ ಒತ್ತಡಕ್ಕೆ ಕಟ್ಟಿದ್ದ ಕಿವಿ ತೆರೆಯಿತು, ಮೈ ಹಗುರಾಯಿತು, ಮಧುಕರನ ಕೈ ಹಿಡಿದು ಮೂವತ್ತು ಅಡಿ ಇಳಿದಳು. ಕಲ್ಲಿನ ಸಂದಿಯಿಂದ ಪಟ್ಟೆಪಟ್ಟೆಯ ಮೀನುಗಳು ಬಂದು ಮುಖಕ್ಕೆ ಮುಖ ಕೊಟ್ಟು ನಿಂತವು. ಆಕೆ ಮೀನನ್ನು ನೋಡಿದಳು, ಗೇಜನ್ನು ನೋಡಿದಳು, ಮತ್ತೆ ಮೀನನ್ನು ನೋಡಿದಳು. ಮುಳ್ಳು ಇನ್ನೂರರಿಂದ ಒಂದು ಹದದಲ್ಲಿ ಇಳಿಯುತ್ತಿತ್ತು, ಒಂದು ಗೆರೆಯಷ್ಟೂ ಸುಳ್ಳು ಹೇಳದೆ. ಮುನ್ನೂರು ಮುಳ್ಳುಗಳನ್ನು ಮೊದಲೇ ಕಳಿಸಿ ಆಮೇಲೆ ತಾನು ಬಂದಿದ್ದಳು. ಬಾಯಲ್ಲಿ ಕೊಳವೆ ಇಟ್ಟುಕೊಂಡೇ ಆಕೆ ನಕ್ಕಳು. ಕೊಂಚ ಉಪ್ಪುನೀರು ಒಳಗೆ ಬಂತು.

ಮೇಲೆ ಬಂದು, ಬೋಟು ದಂಡೆ ಮುಟ್ಟಿದಾಗ ಈರಬಸಪ್ಪ ಪ್ಯಾಂಟು ಮಡಚಿಕೊಂಡು ಮೊಳಕಾಲು ನೀರಲ್ಲಿ ನಿಂತಿದ್ದ. ಆಕೆಯ ಬೆನ್ನಿಂದ ಇಳಿಸಿದ ಸೆಟ್ಟನ್ನು ಎತ್ತಿಕೊಂಡು ಜೀಪಿನ ಬಳಿ ಇಟ್ಟಿದ್ದ ಪೀಪಾಯಿಗಳ ಕಡೆ ನಡೆದ. ಮೊದಲನೆಯದರಲ್ಲಿ ನೆನೆಸಿದ, ಎರಡನೆಯದರಲ್ಲಿ ಮಡಿಕೆ ಬಿಡಿಸಿ ಉಜ್ಜಿದ, ಮೂರನೆಯದರಲ್ಲಿ ಅದ್ದಿದ. ತೊಟ್ಟವರೇ ತೊಳೆಯಬೇಕೆಂಬ ನಿಯಮದ ಮಧುಕರ ಅದನ್ನು ನೋಡಿಯೂ ನೋಡದವನಂತೆ ನಿಂತಿದ್ದ. ಕಡೆಗೆ ಚೀಟಿ ಹಿಡಿದು ಬಂದು, “ತೊಳೆದವರು ಯಾರು?” ಎಂದ.

“ನಾನು,” ಎಂದ ಈರಬಸಪ್ಪ.

“ಹಾಗಾದರೆ ನೀವೇ ಸಹಿ ಮಾಡಿ.”

ಈರಬಸಪ್ಪ ಪೆನ್ನು ತೆಗೆದುಕೊಂಡ. ಚೀಟಿಯ ಮೇಲೆ ಇಟ್ಟ ಕೈ ಅಲ್ಲೇ ನಿಂತಿತು. ಹೆಂಡತಿಯ ಕಡೆ ನೋಡಿದ.

“ನೋಡಿ ಮಾಡ್ರಿ,” ಎಂದಳು ಶಿವಬಸವ್ವ.

ಅವನು ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡ. ಮರಳಲ್ಲಿ ಕುಕ್ಕರುಗಾಲಲ್ಲಿ ಕೂತು ಗೇಜನ್ನು ಅಂಗೈಯಲ್ಲಿಟ್ಟುಕೊಂಡು ತುಟಿಯಲ್ಲೇ ಎಣಿಸತೊಡಗಿದ. ಒಂದು, ಎರಡು, ಮೂರು. ಹತ್ತಾಗುವವರೆಗೆ ತಲೆ ಎತ್ತಲಿಲ್ಲ.

“ಸೊನ್ನಿ ಅದ,” ಎಂದ.

ಶಿವಬಸವ್ವ ತಾನೂ ಬಗ್ಗಿ ನೋಡಿದಳು. ಸೊನ್ನೆ ಇತ್ತು.

“ಹೂಂ, ಈಗ ಮಾಡ್ರಿ,” ಎಂದಳು.